ಗುಲಗಂಜಿ ತೂಕ

ಶಾಬು ಶೇಟ್ ಕಾಣೆಯಾಗಿ ಇವತ್ತಿಗೆ ಐದು ದಿನ.
ಪೊಲೀಸರು ಬರೆದುಕೊಂಡದ್ದು ಒಂದೇ ಸಾಲು:
ವಯಸ್ಸು ಎಂಬತ್ತೊಂದು, ಬಿಳಿ ಪಂಚೆ, ಎಡಗಿವಿ ಮಂದ.
ಉಳಿದದ್ದನ್ನು ನಾವು ಬರೆದುಕೊಂಡಿದ್ದೇವೆ
ಕೋಡಿಬಾಗದ ಸೋಡಾ ಅಂಗಡಿಯ ಬೆಂಚಿನ ಮೇಲೆ,
ನಾನು, ಫಿಲೋಮಿನಾ, ಐಸ್ ಫ್ಯಾಕ್ಟರಿಯ ದಾಮು,
ಹಳೆಯ ಕ್ಯಾಲೆಂಡರಿನ ಬೆನ್ನಿಗೆ.

ಮೂವತ್ತೊಂದು ವರ್ಷ ನೋಂದಣಿ ಕಚೇರಿಯಲ್ಲಿ ಕೂತವಳು ನಾನು.
ಮುಖ ಮರೆತರೂ ಚಕ್ಕುಬಂದಿ ಮರೆಯುವುದಿಲ್ಲ:
ಪೂರ್ವಕ್ಕೆ ಹೆದ್ದಾರಿ, ಪಶ್ಚಿಮಕ್ಕೆ ಗಾಳಿಮರದ ಸಾಲು,
ನಡುವೆ ಶೇಟರ ಏಳು ಗುಂಟೆ,
ರಸ್ತೆ ಅಗಲವಾದ ಮೇಲೆ ಚಿನ್ನಕ್ಕಿಂತ ಚಿನ್ನ.
"ಶವ ಹುಡುಕಬೇಡಿ, ಪಹಣಿ ಹುಡುಕಿ" ಎಂದೆ.
ಶವ ಎಂದದ್ದಕ್ಕೆ ಫಿಲೋಮಿನಾ
ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

ಒಬ್ಬೊಬ್ಬರನ್ನೇ ಒರೆಗೆ ಹಚ್ಚಿದೆವು.

ಮಗ ಉಲ್ಹಾಸ. ಗ್ರೀನ್ ಸ್ಟ್ರೀಟಿನ ಅಂಗಡಿಯಲ್ಲಿ
ಅಪ್ಪ ಕೂರುತ್ತಿದ್ದ ಮಣೆ ತೆಗೆದು ಗಾಜಿನ ಮೇಜು ಹಾಕಿಸಿದವನು.
ಸೋಮವಾರ ರಾತ್ರಿ ಅವನ ಕಾರು ಬೈತ್‌ಕೋಲದಲ್ಲಿ
ದೀಪ ಆರಿಸಿಕೊಂಡು ನಿಂತಿತ್ತಂತೆ, ದಾಮು ಕಂಡದ್ದು.
"ಬಂದರಿಗೆ ಜನ ಬಂಗಡೆಗೂ ಬರುತ್ತಾರೆ."
"ರಾತ್ರಿ ಹನ್ನೊಂದಕ್ಕೆ?"
ಬಂಗಡೆ ಎಂದು ಬರೆದೆ, ಮುಂದೆ ಪ್ರಶ್ನೆಚಿಹ್ನೆ.

ಮಗಳು ಶೈಲಾ, ಮಡಗಾಂವ್. ಹಕ್ಕುಬಿಡುಗಡೆ ಪತ್ರಕ್ಕೆ
ಮೂರು ಸಲ ಕರೆದರು, ಮೂರು ಸಲವೂ ಜ್ವರ.
ಗಂಡನ ಸಿಮೆಂಟು ಗೋದಾಮಿನಲ್ಲೇ ಗಟ್ಟಿಯಾಗಿದೆ.
"ಅಪ್ಪ ಸಿಗದಿದ್ದರೆ ಅವಳಿಗೆ ಲಾಭ."
ಇಲ್ಲ, ಎಂದೆ. ಕಾಣೆಯಾದವನು ಕಾನೂನಿನ ಪ್ರಕಾರ
ಅಷ್ಟು ಬೇಗ ಸಾಯುವುದಿಲ್ಲ. ಏಳು ವರ್ಷ ಬೇಕು.
"ಹಾಗಾದರೆ ಅವಳಲ್ಲ" ಎಂದ ದಾಮು, "ಏಳು ವರ್ಷ
ಯಾವ ಬ್ಯಾಂಕೂ ಕಾಯುವುದಿಲ್ಲ."
ಅವಳ ಹೆಸರಿನ ಮೇಲೆ ಗೀಟು ಎಳೆದೆವು. ಪಾಪ,
ಆ ಮನೆಯಿಂದ ಅವಳಿಗೆ ಸಿಕ್ಕಿದ್ದು ಅಷ್ಟೇ.

ಚಪ್ಪಲಿ ಇಲ್ಲ, ಕನ್ನಡಕ ಇದೆ.
ಗುಂಜಿ ಡಬ್ಬಿ ಇದೆ, ತ್ರಾಸು ಇಲ್ಲ.

ಫಿಲೋಮಿನಾ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು.
"ತ್ರಾಸು ಒಯ್ದವನು ಸಾಯಲು ಹೋದವನಲ್ಲ.
ಏನೋ ತೂಗಲು ಹೋಗಿದ್ದಾನೆ."
"ಕನ್ನಡಕ ಇಲ್ಲದೆ?"
"ಕೈಗೆ ಗೊತ್ತಿರುತ್ತದೆ ಮಾರಾಯ."

ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಕಾಳಿಯ ಬಾಯೊಳಗೆ ಉಬ್ಬರ ಏರುತ್ತಿತ್ತು.
ದಾಮುವಿನ ಹೆಂಡತಿಯ ಎರಡೆಳೆ ಸರ
ಚೀಟಿಯಿಲ್ಲದೆ ಶೇಟರ ಹತ್ತಿರ ಒತ್ತೆ ಇತ್ತು, ಅವನು ಹೇಳಲಿಲ್ಲ.
ಶೇಟರ ಜುಬ್ಬದ ಒಳಮೈಗೆ ಹೋದ ವಾರ
ಜಿಪ್ಪಿನ ಜೇಬು ಹೊಲಿದದ್ದನ್ನು ಫಿಲೋಮಿನಾ ಹೇಳಲಿಲ್ಲ.
ಎಷ್ಟು ಅಗಲದ ಜೇಬೋ, ಅವಳಿಗಷ್ಟೇ ಗೊತ್ತು.

ನಾನು ಹೇಳದ್ದು:
ಉಯಿಲಿನ ಎರಡನೇ ಸಾಕ್ಷಿ ನಾನು.
ಆವತ್ತು ಓದಿ ನೋಡುತ್ತೇನೆಂದು ಶೇಟ್ ಕನ್ನಡಕ ಕೇಳಿದ.
ಯಾರೂ ತಂದುಕೊಡಲಿಲ್ಲ. ಹತ್ತು ಹೆಜ್ಜೆ, ಗೂಡಿನಲ್ಲೇ ಇತ್ತು.
ಸಂಜೆ ಉಲ್ಹಾಸ ಕೊಟ್ಟ ಒಂದು ಜೊತೆ ಪಾಟ್ಲಿ
ಇನ್ನೂ ನನ್ನ ಅಕ್ಕಿ ಡಬ್ಬದಲ್ಲಿವೆ,
ತೊಟ್ಟಿಲ್ಲ, ವಾಪಸೂ ಕೊಟ್ಟಿಲ್ಲ.

ಅಷ್ಟರಲ್ಲಿ ಉಲ್ಹಾಸನೇ ಬಂದ, ನಡೆದುಕೊಂಡು.
ಗಡ್ಡ ಬೆಳೆದಿತ್ತು. ದಾಮು ಕ್ಯಾಲೆಂಡರನ್ನು
ತೊಡೆಯ ಕೆಳಗೆ ಸರಿಸಿದ.
"ಮೊದಲ ರಾತ್ರಿ ಬಂದರಿನಲ್ಲಿ ದೀಪ ಆರಿಸಿ ಕೂತಿದ್ದೆ,
ಕತ್ತಲಲ್ಲಿ ದಡ ಚೆನ್ನಾಗಿ ಕಾಣುತ್ತದೆ" ಎಂದ.
ನಾವು ಕೇಳಿರಲಿಲ್ಲ.

ಡಬ್ಬಿ ತೆರೆದು ನನ್ನ ಬೊಗಸೆಗೆ ಸುರಿದ.
"ತೊಂಬತ್ತಾರು ಗುಂಜಿಗೆ ಒಂದು ತೊಲ,
ಅಪ್ಪ ದಿನಾ ಎಣಿಸಿಡುತ್ತಿದ್ದ. ನೋಡಿ ಅಕ್ಕಾ,
ನನಗೆ ಲೆಕ್ಕ ನಿಲ್ಲುತ್ತಿಲ್ಲ."

ಎಣಿಸಿದೆ. ತೊಂಬತ್ತೊಂದು.
ಎಲ್ಲವೂ ಕೆಂಪು, ಎಣ್ಣೆ ಹಚ್ಚಿದ ಹಾಗೆ ಕೆಂಪು.
ಒಂದು ಕಾಳು ಅಂಗೈಯ ಬೆವರಿಗೆ ಅಂಟಿ ಮಗುಚಿತು,
ಕಪ್ಪು ಮೇಲಾಗಿ.
ಹೆಬ್ಬೆರಳಲ್ಲಿ ತಿರುವಿಟ್ಟೆ.
"ಬೆಳಕು ಸಾಲದು" ಎಂದು
ಮತ್ತೆ ಒಂದರಿಂದ ಶುರುಮಾಡಿದೆ.