ಸುತ್ತೋಲೆಯನ್ನು ಕನ್ನಡ ಮಾಡಿದ್ದು

ಸುತ್ತೋಲೆ ಬಂದದ್ದು ಕನ್ನಡದಲ್ಲೇ.
ಆದರೂ ಸಾಹೇಬರು ಫೈಲನ್ನು ನನ್ನ ಮೇಜಿಗೆ ಸರಿಸಿ
‘ಇದನ್ನ ಸ್ವಲ್ಪ ಕನ್ನಡ ಮಾಡಿ, ವಾರಿಜಾ’ ಅಂದರು,
‘ಕಸದ ಆಟೋ ಮೈಕಿನಲ್ಲಿ ಹಾಕೋ ಹಾಗೆ. ಎರಡು ನಿಮಿಷ ಮೀರಬಾರದು.’

ಹನ್ನೊಂದು ಪುಟ. ಉಲ್ಲೇಖ ಒಂದು, ಎರಡು, ಮೂರು.
ರಾಜ್ಯಪತ್ರದ ದಿನಾಂಕ, ಮಂಡಳಿಯ ಮೊಹರು.
ತ್ಯಾಜ್ಯೋತ್ಪಾದಕರು ಮೂಲದಲ್ಲಿಯೇ ವಿಂಗಡಿಸತಕ್ಕದ್ದು.
ಸ್ಥಳೀಯ ಸಂಸ್ಥೆಗಳು ಕ್ರಮ ವಹಿಸತಕ್ಕದ್ದು.
ಒಂದೊಂದು ತಕ್ಕದ್ದೂ ತೂಕದ ಕಲ್ಲಿನಂತೆ
ವಾಕ್ಯದ ತುದಿಗೆ ಕೂತಿತ್ತು;
ಎತ್ತಿಟ್ಟು ನೋಡಿದರೆ ಕೆಳಗೆ
ಒಂದು ಬಾಳೆಹಣ್ಣಿನ ಸಿಪ್ಪೆ,
ಒಂದು ಖಾಲಿ ಶಾಂಪೂ ಪೊಟ್ಟಣ.

ತ್ಯಾಜ್ಯೋತ್ಪಾದಕರು ಅಂದರೆ ನಾವೇ,
ದುರ್ಗಿಗುಡಿಯಲ್ಲಿ ನಿಂತು ದೋಸೆ ತಿಂದವರು,
ಮಗುವಿನ ಮೂಗು ಒರೆಸಿದವರು.
ಹೊಡೆದುಹಾಕಿ ಬರೆದೆ: ಮನೆಯವರೇ.
ಅದನ್ನೂ ಹೊಡೆದು: ಅಕ್ಕಾ, ಅಣ್ಣಾ.
ಜಲಮೂಲಗಳು ಎಂಬಲ್ಲಿ ತುಂಗೆ ಎಂದೆ;
ಆಗ ಮಾತ್ರ ವಾಕ್ಯ ಒದ್ದೆಯಾಯಿತು.
ಅವಿಘಟನೀಯ ಎಂಬಲ್ಲಿ ಬಹಳ ಹೊತ್ತು ಕೂತೆ.
ನಮ್ಮಜ್ಜಿಗೆ ಆ ಮಾತೇ ಬೇಕಾಗಿರಲಿಲ್ಲ,
ಅವಳ ತಿಪ್ಪೆಯಲ್ಲಿ ಕೊಳೆಯದೆ ಉಳಿದದ್ದು
ಒಡೆದ ಬಳೆ ಮಾತ್ರ.

ಏಳನೇ ಪುಟದಲ್ಲಿ ಪೆನ್ನು ನಿಂತಿತು.
ನೈರ್ಮಲ್ಯ ಸಂಬಂಧಿ ತ್ಯಾಜ್ಯ, ಇತ್ಯಾದಿ.
ಸಾಹೇಬರು ಕಿಟಕಿಯಾಚೆ ನೋಡಿದರು.
‘ಅದೊಂದು ಬಿಡಿ. ಬೆಳಬೆಳಿಗ್ಗೆ, ಬೀದಿಯಲ್ಲಿ... ಚೆನ್ನಾಗಿರಲ್ಲ.’
ನನಗೂ ಬಿಡುವುದೇ ಸುಲಭ.
ಬಿಟ್ಟೆ.

ಹಾಲಮ್ಮ ಹಾಜರಿಗೆ ಸಹಿ ಹಾಕಲು ಬಂದಿದ್ದಳು,
ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು.
ಟ್ಯೂಬ್‌ಲೈಟಿನ ಚೂರು. ತಿಲಕನಗರ, ಮೂರನೇ ತಿರುವು.
ಹಳಸಿದ ಅನ್ನದ ಚೀಲದೊಳಗೆ
ಮೆತ್ತಗೆ ಮಲಗಿತ್ತಂತೆ.
ಬರೆದದ್ದನ್ನು ಅವಳಿಗೆ ಓದಿ ಹೇಳಿದೆ.
ನಿಂತೇ ಕೇಳಿದಳು, ಕಟ್ಟಿದ ಬೆರಳನ್ನು ಎದೆಮಟ್ಟ ಎತ್ತಿ ಹಿಡಿದು.
‘ಅದೊಂದು ಬಿಟ್ರಲ್ಲ.’
‘ಯಾವುದು?’
‘ಯಾವುದು ಅಂತ ನಿಮಗೂ ಗೊತ್ತು.
ನಾನು ಕೈಯಲ್ಲಿ ಹಿಡಿಯೋದನ್ನ
ನಿಮಗೆ ಬಾಯಲ್ಲಿ ಹಿಡಿಯೋಕೆ ಆಗಲ್ವಾ, ಮೇಡಂ?’

ಫ್ಯಾನು ತಿರುಗುತ್ತಿತ್ತು.
ಹನ್ನೊಂದು ಪುಟವೂ ಒಮ್ಮೆ ಎದ್ದು ಕೂತವು.

ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡು
ಡ್ರೈವರ್ ಮನ್ಸೂರನ ಮೊಬೈಲಿಗೆ ಹೇಳಿದೆ:
ಹೆಣ್ಣುಮಕ್ಕಳ ಪ್ಯಾಡು, ಮಕ್ಕಳ ಡೈಪರು,
ಹಳೇ ಪೇಪರಿನಲ್ಲಿ ಸುತ್ತಿ, ಮೇಲೊಂದು ಕೆಂಪು ಗುರುತು ಹಾಕಿ
ಬೇರೆಯಾಗಿ ಕೊಡಿ. ಒಡೆದ ಗಾಜನ್ನು ಅನ್ನದಲ್ಲಿ ಹುದುಗಿಸಬೇಡಿ.
ತೆಗೆದುಕೊಳ್ಳುವುದು ಒಂದು ಕೈ.
ದಯವಿಟ್ಟು.
ಮೂರು ಸಲ ತಡವರಿಸಿದೆ. ನಾಲ್ಕನೆಯ ಸಲ
ಪ್ಯಾಡು ಬರೀ ಪ್ಯಾಡಾಯಿತು.

ಸಾಹೇಬರು ಪೂರ್ತಿ ಕೇಳಿದರು, ಏನೂ ಅನ್ನಲಿಲ್ಲ.
ಟಿಪ್ಪಣಿಯ ಅಂಚಿನಲ್ಲಿ ‘ನೋಡಿದೆ’ ಎಂದು ಬರೆದರು.
ಕೇಳಿದ್ದಕ್ಕೆ ನಮ್ಮಲ್ಲಿ ನಮೂನೆಯಿಲ್ಲ.

ಈಗ ದಿನಾ ಆರೂವರೆಗೆ
ನನ್ನ ಬೀದಿಗೂ ನಾನೇ ಬರುತ್ತೇನೆ.
ಆಷಾಢದ ತೇವಕ್ಕೆ ಸ್ಪೀಕರಿಗೆ ನೆಗಡಿ;
ಪೆನ್‌ಡ್ರೈವು ಎಲ್ಲೋ ಸಿಕ್ಕಿಕೊಂಡು
ಗೋಪಾಳದ ಈ ತುದಿಯಿಂದ ಆ ತುದಿಗೆ
ದಯವಿಟ್ಟು ದಯವಿಟ್ಟು ದಯವಿಟ್ಟು.
ಏನು ಬೇಕಂತೆ ಎಂದು ಜನ ಬಾಗಿಲು ತೆರೆಯುತ್ತಾರೆ.

ಇವತ್ತು ಅವಸರದಲ್ಲಿ
ನಾನೂ ಒಂದೇ ಚೀಲ ಹಿಡಿದು ಓಡಿದೆ.
ಹಾಲಮ್ಮ ಕೈಚಾಚಲಿಲ್ಲ.
ಗದ್ದದಿಂದ ಮೈಕು ತೋರಿಸಿ
‘ಅಲ್ಲಿ ಯಾರೋ ಹೇಳ್ತಾ ಇದಾರೆ ನೋಡಿ’ ಅಂದಳು. ನಗಲಿಲ್ಲ.

ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿದೆ.
ಚಹಾದ ಚರಟ, ಮಾತ್ರೆಯ ತಗಡು,
ಮಗಳು ಯಾರಿಗೂ ಕಾಣದಂತೆ ಮೂರು ಸುತ್ತು ಸುತ್ತಿ
ಗುರುತು ಹಾಕದೆ ಇಟ್ಟದ್ದು.
ಕೆಂಪು ಪೆನ್ನಿಗೆ ಒಳಗೆ ಹೋದೆ.
ಆಟೋ ನಿಂತೇ ಇತ್ತು,
ನನ್ನ ದನಿಯಲ್ಲಿ ನನ್ನನ್ನು ಬೇಡುತ್ತ.