ಜೋಳದ ಎತ್ತರ

ಮೊದಲ ಮದುವೆಯ ದಿನ ಜೋಳಕ್ಕೆ ಇನ್ನೂ ಎರಡೇ ಎಲೆ.
ಪದವಿಯ ಕಪ್ಪು ನಿಲುವಂಗಿ
ಬಾಡಿಗೆಯಂಗಡಿಗೆ ವಾಪಸಾಗಿ ಹನ್ನೊಂದು ದಿನ.
ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ನಪಾಸಾದ ಬ್ರಿಯೆಲ್
ಕೋಲ್ಟನ್‌ನ ಕೈಹಿಡಿದು ಚರ್ಚಿನ ಮೆಟ್ಟಿಲಿಳಿದಳು,
ಲೆಕ್ಕ ಕೊನೆಗೂ ಸರಿಬಂದವಳ ಹಾಗೆ.

ಎರಡನೆಯದಕ್ಕೆ ಮೊಣಕಾಲುದ್ದ.
ಮೂರನೆಯದಕ್ಕೆ ಸೊಂಟ.
ಜುಲೈ ಮುಗಿಯುವಾಗ ಅಯೋವಾದ ದಾರಿಗಳೆಲ್ಲ
ಹಸಿರು ಗೋಡೆಗಳ ನಡುವಿನ ಓಣಿ.
ಓಣಿಯ ತುದಿಗೆ ಯಾರದೋ ಹುಲ್ಲಿನ ಕಣಜ,
ಕಣಜಕ್ಕೆ ಸುತ್ತಿದ ಪುಟ್ಟ ದೀಪಗಳ ಸರ,
ಒಳಗೆ ನಮ್ಮದೇ ತರಗತಿಯ ಇನ್ನೊಂದು ಜೋಡಿ.

ನನ್ನದು ಅದೇ ನೀಲಿ ಉಡುಪು.
ಫೋಟೋದಲ್ಲಿ ಗೊತ್ತಾಗದಿರಲೆಂದು
ಒಮ್ಮೆ ಶಾಲು, ಒಮ್ಮೆ ಬೆಲ್ಟು.
ಉಡುಗೊರೆಯೂ ಅದೇ, ಟೋಸ್ಟರು.
ನನ್ನ ಸಂಬಳಕ್ಕೆ ಅಷ್ಟೇ.

ಹ್ಯಾಮ್ ಬನ್ನಿನ ತಟ್ಟೆ ಹಿಡಿದ ಒಬ್ಬ ಅತ್ತೆ
ಪ್ರತಿ ಮದುವೆಯಲ್ಲೂ ಇದ್ದೇ ಇರುತ್ತಾಳೆ.
'ನಾಲ್ಕು ವರ್ಷದಲ್ಲಿ ಯಾರೂ ಸಿಗಲಿಲ್ಲವೇ, ಮಗು?'
ಬಸ್ಸಿನಲ್ಲಿ ಕೊಡೆ ಮರೆತು ಬಂದವಳನ್ನು ಕೇಳಿದ ಹಾಗೆ.

ಬೀಜದ ಕಂಪನಿಯಲ್ಲಿ ನನ್ನ ಕೆಲಸ ಇದು:
ನೂರು ಕಾಳು ಒದ್ದೆ ಕಾಗದದಲ್ಲಿ ಸುತ್ತಿಟ್ಟು
ಏಳನೇ ದಿನ ಬಿಚ್ಚಿ, ಮೊಳೆತದ್ದನ್ನು ಎಣಿಸುವುದು.
ತೊಂಬತ್ತೈದು ಮೊಳೆತಿರುತ್ತವೆ.
ಉಳಿದೈದು ಸತ್ತಿಲ್ಲ, ಮಲಗಿವೆ
ಎಂದು ಅತ್ತೆಗೆ ಹೇಳಬೇಕೆನಿಸಿತ್ತು.
ಹೇಳಲಿಲ್ಲ.
ಕೆಲವು ನಿಜಕ್ಕೂ ಸತ್ತಿರುತ್ತವೆ.

ಆರನೆಯದು ಜನೇಯಳದು. ಜೋಳ ನನಗಿಂತ ಎತ್ತರ,
ತೆನೆಯ ಕೂದಲು ಕಂದುತ್ತಿತ್ತು.
ಹಾಸಿಗೆಯ ಮೇಲ್ಗಡೆ ಗ್ರೀನ್‌ಲ್ಯಾಂಡಿನ ನಕ್ಷೆ ಅಂಟಿಸಿ
'ಅಲ್ಲಿ ಮರವೇ ಇಲ್ಲ ಕಣೇ' ಎಂದು
ನಡುರಾತ್ರಿ ನನ್ನನ್ನು ಎಬ್ಬಿಸುತ್ತಿದ್ದವಳು.
ಕುರಿಯ ಕಣ್ಣು ಕೊಯ್ಯುವಾಗ
ಇಡೀ ತರಗತಿಯಲ್ಲಿ ಕೈ ನಡುಗದವಳು ಅವಳೊಬ್ಬಳೇ.

ಚರ್ಚಿನ ನೆಲಮಾಳಿಗೆಯಲ್ಲಿ, ಭಾನುವಾರದ ಶಾಲೆಯ
ಗಿಡ್ಡ ಕುರ್ಚಿಗಳ ನಡುವೆ ನಿಂತು
ಬೆನ್ನು ತಿರುಗಿಸಿದಳು. ಮೂವತ್ತನಾಲ್ಕು ಗುಂಡಿ,
ಒಂದೊಂದೂ ಜೋಳದ ಕಾಳಿನಷ್ಟು.
ಇಪ್ಪತ್ತರ ಹತ್ತಿರ ಬಂದಾಗ ಕೇಳಿದಳು:
'ನಾನು ನಡುಗುತ್ತಿದ್ದೇನಾ?'
ಇಲ್ಲ, ನನ್ನ ಬೆರಳು, ಎಂದೆ.
ಅದು ಸುಳ್ಳಾಗಿತ್ತೋ ಏನೋ, ನನಗೂ ತಿಳಿಯದು.
ಇಬ್ಬರ ನಡುವೆ ಇದ್ದದ್ದು ಒಂದೇ ಬಟ್ಟೆ.

'ಡೆರಿಕ್ ಒಳ್ಳೆಯವನು,' ಎಂದಳು.
ಹೌದು, ಒಳ್ಳೆಯವನು.
ಅದೇ ತೊಂದರೆ ಎಂದು ಯಾರೂ ಹೇಳುವಂತಿಲ್ಲ.
ಪಿಯಾನೋ ಶುರುವಾಯಿತು.
ಕೊನೆಯ ಗುಂಡಿ ಹಾಕದೆ ಬಿಟ್ಟೆ,
ಉಸಿರಾಡಲಿ ಅಂತ.

ಅಕ್ಟೋಬರಿನಲ್ಲಿ ಯಂತ್ರಗಳು ಬಂದವು,
ಒಂದು ವಾರದಲ್ಲಿ ಗೋಡೆಗಳೆಲ್ಲ ಬಿದ್ದವು.
ಬರಿಯ ಕೂಳೆ, ಅದರಾಚೆ ಆಕಾಶ.
ನನ್ನ ಬಾಡಿಗೆ ಕೋಣೆಯ ಕಿಟಕಿಗೆ ಈಗ
ನಾಲ್ಕು ಮೈಲಿಯಾಚೆಗಿನ ಅವಳ ಅಡುಗೆಮನೆಯ ದೀಪ.
ಬೇಸಿಗೆಯುದ್ದಕ್ಕೂ ಅಷ್ಟೇ ದೂರವಿತ್ತು. ಕಂಡಿರಲಿಲ್ಲ.

ಮಂಗಳವಾರ ರಾತ್ರಿ ಫೋನು ಮಾಡಿದಳು.
ಮೂರು ಟೋಸ್ಟರು ಬಂದಿವೆಯಂತೆ.
'ಒಂದು ನಿನಗೆ ಬೇಕಾ?'
ಆ ಕಡೆ ನಲ್ಲಿಯ ನೀರು, ತಟ್ಟೆಯ ಸದ್ದು,
ಆಮೇಲೆ ಅವಳ ಹಳೆಯ ನಗು,
ನಡುರಾತ್ರಿ ಎಬ್ಬಿಸುತ್ತಿದ್ದದ್ದು.
ಬೇಕು, ಎಂದೆ. ಈಗಲೇ ಬರಲಾ?