ಉಳಿದ ಮಬ್ಬು

ರುವೈಸ್‌ನಲ್ಲಿ ನಮ್ಮ ಕೆಲಸ ಶುರುವಾಗುವುದು
ಉಳಿದವರ ಕೆಲಸ ಮುಗಿದ ಮೇಲೆ.
ಹಳದಿ ಹಗ್ಗ ಕಟ್ಟಿ, ಕೆಂಪು ದೀಪ ತೂಗುಹಾಕಿ,
ಮೂರು ಸಲ ಶಿಳ್ಳೆ ಊದಿ
ಪೈಪಿನ ಬೆಸುಗೆಗೆ ಫಿಲ್ಮು ಸುತ್ತುತ್ತೇನೆ,
ಮುರಿದ ಕೈಗೆ ಪಟ್ಟಿ ಸುತ್ತಿದ ಹಾಗೆ.
ಆಮೇಲೆ ದೂರ ಹೋಗಿ ನಿಲ್ಲುವುದು.
ಕಿರಣಕ್ಕೆ ಸದ್ದಿಲ್ಲ, ವಾಸನೆಯಿಲ್ಲ,
ಸೊಂಟದ ಮೀಟರಿನ ಕಟಕಟವೊಂದೇ ಸಾಕ್ಷಿ.

ಇಪ್ಪತ್ತೆರಡು ವರ್ಷ ಕಬ್ಬಿಣದ ಒಳಗು ನೋಡಿದ್ದೇನೆ:
ಗುಳ್ಳೆ, ಕಿಟ್ಟ, ಕೂದಲೆಳೆಯ ಬಿರುಕು,
ಆ ದಿನ ವೆಲ್ಡರ್ ಮನೆಗೆ ಫೋನು ಮಾಡಿ ಜಗಳಾಡಿದ್ದನೇ ಎಂಬುದೂ.
ತಮಾಷೆಗೆ ಹೇಳಿದೆ. ಆದರೆ ಕೈ ನಡುಗಿದ್ದು ಕಾಣುತ್ತದೆ.

ಮಬ್ಬು ಹಿಡಿದ ಫಿಲ್ಮನ್ನು ಮಾತ್ರ ನೋಡುವುದಿಲ್ಲ.
ಸೆಕೆಗೆ ಕೆಟ್ಟದ್ದು, ಹಳತಾಗಿ ಕೆಟ್ಟದ್ದು,
ಒಂದು ಅಡ್ಡಗೆರೆ, ಬುಟ್ಟಿಗೆ.

ಅಕ್ಕನ ಮಗಳು ಅಪೊಲಿನ್‌ಗೆ ಅಬುಧಾಬಿಯಲ್ಲಿ
ಮಬ್ಬನ್ನೇ ಓದುವ ಕೆಲಸ.
ಈದ್ ರಜೆಗೆ ಬಸ್ಸು ಹಿಡಿದು ಬಂದಳು,
ಚೀಲದಲ್ಲಿ ಲ್ಯಾಪ್‌ಟಾಪು, ಒಂದು ಡಬ್ಬ ಒಣಸಿಗಡಿ ಚಟ್ನಿ.
ಅನ್ನ ಬೇಯುವವರೆಗೆ ಇಡೀ ಆಕಾಶ ತೋರಿಸಿದಳು,
ಕಣ್ಣಿನದಲ್ಲ, ಎಕ್ಸ್-ರೇಯದು,
ಗಾಳಿಯ ಹೊದಿಕೆ ದಾಟಿ ಹೋದ ದುರ್ಬೀನು
ವರ್ಷಗಟ್ಟಲೆ ಹನಿಹನಿ ಕೂಡಿಟ್ಟದ್ದು.
ಎತ್ತ ತಿರುಗಿದರೂ ಮಂದ ಬೆಳಕು.
ಕತ್ತಲೆಂಬ ಕತ್ತಲು ಎಲ್ಲೂ ಇಲ್ಲ.

"ಏನಿದು?"
"ಹೆಚ್ಚಿನದು ಕಪ್ಪುಕುಳಿಗಳು, ಮಾಮ.
ಒಂದೊಂದು ಗ್ಯಾಲಕ್ಸಿಯ ನಡುವೆ ಕೂತು
ಉಣ್ಣುವಾಗ ಚೆಲ್ಲಿದ್ದು.
ದೂರ ಜಾಸ್ತಿ, ಅದಕ್ಕೇ ಬಿಡಿಬಿಡಿಯಾಗಿ ಕಾಣದೆ
ಕಲಸಿಹೋಗಿವೆ."

ಮತ್ತೆ ಅಳಿಸಲು ಕೂತಳು.
ಹೊಳೆಯುವ, ಹೆಸರಿರುವ ಚುಕ್ಕೆಗಳನ್ನೆಲ್ಲ ಮುಚ್ಚಿದಳು,
ನಮ್ಮದೇ ಹಾಲುಹಾದಿಯನ್ನು ಅಗಲ ಪಟ್ಟಿಯಾಗಿ ಕತ್ತರಿಸಿ ಎಸೆದಳು.
ಒಳ್ಳೆಯ ಫಿಲ್ಮು ಹಾಳುಮಾಡುತ್ತಿದ್ದಾಳೆ, ಅಂದುಕೊಂಡೆ.
ಉಳಿದದ್ದು ಬರೀ ಬೂದು.
"ಈಗ ಶುರು" ಅಂದಳು.

ಆ ಬೂದಿನಲ್ಲಿ ಇಲ್ಲೊಂದು ಕೂದಲು ಹೆಚ್ಚು,
ಅಲ್ಲೊಂದು ಕೂದಲು ಕಡಿಮೆ.
ಗ್ಯಾಲಕ್ಸಿಗಳು ಗುಂಪುಗೂಡಿದಲ್ಲಿ ಮಬ್ಬಿಗೂ ತುಸು ದಪ್ಪ,
ಬಯಲಾದಲ್ಲಿ ತೆಳು.
ಕೋಟಿಗಟ್ಟಲೆ ಜ್ಯೋತಿರ್ವರ್ಷ ಹಬ್ಬಿದ
ಎಳೆ, ಗಂಟು, ಟೊಳ್ಳು.
ನಾವು ಸಾಗುತ್ತಿರುವ ದಿಕ್ಕಿಗೂ ಒಂದಿಷ್ಟು ಬೆಳಕು ಹೆಚ್ಚಂತೆ,
ಬಸ್ಸಿನ ಮುಂದಿನ ಗಾಜಿಗೇ ಮರಳು ಜಾಸ್ತಿ ಬಡಿದಂತೆ.

ನಾನು ನಂಬಲಿಲ್ಲ.
ಮಬ್ಬಿನಲ್ಲಿ ಕಾರಣ ಹುಡುಕುವವರು ಗುತ್ತಿಗೆದಾರರು,
ರಿಪೇರಿ ಖರ್ಚು ಉಳಿಸಲು.

ಚಟ್ನಿ ಕಲಸುವಾಗ ನೆನಪಾಯಿತು.
ಯಾರೋ ಇರಿಡಿಯಂ ಡಬ್ಬಿಯನ್ನು
ಉಗ್ರಾಣದ ಗೋಡೆಯಾಚೆ ಮರೆತ ಆ ವಾರ.
ನಲವತ್ತು ಪೆಟ್ಟಿಗೆ ಹೊಸ ಫಿಲ್ಮು, ಎಲ್ಲಾ ಬೂದು.
ನಾನು ಬೈದೆ. ವರದಿ ಬರೆದೆ.
ಮನಿಲಾದ ರಜೆ ಮುಗಿಸಿ ಬಂದ ರೊಡೆಲ್
ಪೆಟ್ಟಿಗೆಗೊಂದರಂತೆ ತೊಳೆದು
ಕಪಾಟಿನಲ್ಲಿದ್ದ ಕ್ರಮದಲ್ಲೇ ಕಿಟಕಿ ಗಾಜಿಗೆ ಅಂಟಿಸಿದ.
ಬಾಗಿಲ ತನಕ ಹಿಂದೆ ಸರಿದು ನೋಡಿದೆವು:
ಕಪಾಟಿನ ಕಬ್ಬಿಣದ ಕಾಲು, ಅಡ್ಡಪಟ್ಟಿ,
ಹಿಂದೆ ಬಿದ್ದು ಕಳೆದುಹೋಗಿದ್ದ ಉದ್ದ ಸ್ಪ್ಯಾನರ್.
ಯಾವ ಒಂದು ಫಿಲ್ಮಿನಲ್ಲೂ ಅದು ಇರಲಿಲ್ಲ.

ಅಪೊಲಿನ್ ಎಂಜಲು ಕೈ ಹಾಗೇ ಹಿಡಿದು ಕೇಳಿದಳು,
"ಆ ಫಿಲ್ಮುಗಳೆಲ್ಲಿ?"
"ಮಾರಿದೆ. ಬೆಳ್ಳಿ ಸುಲಿಯುವ ಪಠಾಣನಿಗೆ.
ಒಳ್ಳೇ ರೇಟು ಬಂತು."
ಆಮೇಲೆ ಬಹಳ ಹೊತ್ತು ಅವಳು ಅನ್ನವನ್ನೇ ನೋಡುತ್ತಿದ್ದಳು.

ಎದೆಯ ಮೇಲಿನ ಬ್ಯಾಡ್ಜು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗುತ್ತದೆ.
ನನ್ನೊಳಗೆ ಹೊಕ್ಕದ್ದೆಷ್ಟೆಂದು ಕಾಗದ ಬರುತ್ತದೆ:
ಹಿನ್ನೆಲೆ ಕಳೆದು, ಸೊನ್ನೆ.
ಇಪ್ಪತ್ತೆರಡು ವರ್ಷ ಸೊನ್ನೆ ಓದಿ ಸಹಿ ಹಾಕಿದೆ.
ಕಳೆದದ್ದು ಎಷ್ಟು ಎಂದು
ಈ ಸಲ ಬರೆದು ಕೇಳಿದ್ದೇನೆ.
ಉತ್ತರ ಬಂದಿಲ್ಲ.

ರೊಡೆಲ್ ಎರಡನೇ ಶಿಳ್ಳೆ ಊದಿದ.
ಹಗ್ಗದಾಚೆ ಹೋಗಬೇಕು.